ಹೆಣವಾಗಿದ್ದವನು ನೋಡದ ದೃಶ್ಯ

ನಾನು ಜೀವಮಾನದಲ್ಲಿ ಪಾತ್ರ ಮಾಡಿದ್ದು ಒಂದೇ ನಾಟಕದಲ್ಲಿ. ಅದರ ಅತ್ಯುತ್ತಮ ದೃಶ್ಯವನ್ನು ಮಾತ್ರ ನಾನು ನೋಡಿಲ್ಲ. ಆಗ ನಾನು ಸತ್ತಿರುತ್ತಿದ್ದೆ.

ನಗಬೇಡಿ. ಚಾಮರಾಜಪೇಟೆಯ ನಮ್ಮ ಹವ್ಯಾಸಿ ತಂಡ ಆಡುತ್ತಿದ್ದ ಹಳೆಯ ದುರಂತ ನಾಟಕವದು. ಯುದ್ಧದಲ್ಲಿ ಗಾಯಗೊಂಡು ಬಂದ ಮಗ ಕತ್ತಲಲ್ಲಿ ಬಾಗಿಲು ಬಡಿದು ನೀರು ಕೇಳುತ್ತಾನೆ. ಶತ್ರುವಿರಬೇಕೆಂದು ಹೆದರಿ ತಾಯಿ ತೆರೆಯುವುದಿಲ್ಲ. ಬೆಳಗ್ಗೆ ನೋಡಿದರೆ ಹೊಸ್ತಿಲ ಮೇಲೆ ಮಗನ ಹೆಣ. ಅವಳು ಒಂದು ಮಾತೂ ಆಡದೆ ನೀರು ತಂದು ಅವನ ತುಟಿಗೆ ಹಿಡಿಯುತ್ತಾಳೆ. ಅಲ್ಲಿಗೆ ಪರದೆ. ಹೆಣ ನಾನು. ತಾಯಿ ವನಜಾ, ಮುಂದೆ ನನ್ನ ಹೆಂಡತಿಯಾದವಳು. ಗೆಳೆಯರು ಇದನ್ನು ಹಿಡಿದು ಎಷ್ಟು ಆಡಿಕೊಂಡರೆಂಬುದನ್ನು ನಿಮ್ಮ ಊಹೆಗೇ ಬಿಡುತ್ತೇನೆ. ಕಣ್ಣು ಮುಚ್ಚಿ ಮಲಗಿದ ನನಗೆ ಜನ ಬಿಕ್ಕುವುದಷ್ಟೇ ಕೇಳುತ್ತಿತ್ತು. ಅವಳ ಮುಖದಲ್ಲಿ ಅವರು ಏನು ಕಂಡರೋ! ಒಂದು ಫೋಟೋ ಕೂಡ ಉಳಿದಿಲ್ಲ.

ಈಚೆಗೆ ಆ ನಾಟಕ ಸಿನಿಮಾ ಆಯಿತು. ಕೊನೆಗೂ ನೋಡಬಹುದೆಂದು ವನಜಾಳನ್ನೂ ತಮ್ಮನ ಮಗಳು ಸಿಂಧುವನ್ನೂ ಕರೆದುಕೊಂಡು ಹೋದೆ. ವನಜಾ ಮದುವೆಮನೆಗೆ ಹೊರಟವಳಂತೆ ರೇಷ್ಮೆ ಸೀರೆ ಉಟ್ಟಿದ್ದಳು. ಯುದ್ಧ ಅದ್ಧೂರಿಯಾಗಿತ್ತು, ಆನೆಗಳೂ ಇದ್ದವು. ಆ ಬಾಗಿಲೂ ಬಂತು. ತಾಯಿ ತೆರೆದಳು, ಮಗನ ಹೆಣವನ್ನು ತಬ್ಬಿ ಪೂರ್ತಿ ಒಂದು ಹಾಡು ಹಾಡಿದಳು. ಹಾಡು ಮುಗಿಯುವಷ್ಟರಲ್ಲಿ ಹೆಣದ ಬೆರಳು ಅಲುಗಿತು. ಎದ್ದ, ಕತ್ತಿ ಹಿಡಿದ, ಥಿಯೇಟರೆಲ್ಲ ಶಿಳ್ಳೆ. ಸೊಳ್ಳೆ ಕಚ್ಚಿದರೂ ಮಿಸುಕದೆ ಸತ್ತಿದ್ದ ನನಗೆ ಇದು ನೇರ ಅವಮಾನವೆನಿಸಿತು. ನಾಟಕದ ಕೊನೆ ಮಂಗಳವೇ ಆಗಬೇಕೆಂದು ನಮ್ಮ ಪ್ರಾಚೀನರೂ ಬಯಸುತ್ತಿದ್ದರು, ನಿಜ. ಆದರೆ ನಿರ್ದೇಶಕರು ಅವರನ್ನು ಓದಿಕೊಂಡು ಹೀಗೆ ಮಾಡಿದರೆಂದು ನನಗನ್ನಿಸಲಿಲ್ಲ. ಪಕ್ಕದಲ್ಲಿ ವನಜಾ ಸೆರಗಿನ ಅಂಚನ್ನು ಮಡಚುತ್ತಿದ್ದಳು, ಬಿಚ್ಚುತ್ತಿದ್ದಳು.

ಹಿಂದಿರುಗುವಾಗ ಬಸವನಗುಡಿಯ ಹೋಟೆಲೊಂದರಲ್ಲಿ ಕಾಫಿಗೆ ಕೂತೆವು.

"ಚೆನ್ನಾಗೇ ಇತ್ತಲ್ಲ ದೊಡ್ಡಪ್ಪ, ಮುಖ ಯಾಕೆ ಹಂಗ್ ಮಾಡ್ಕೊಂಡಿದೀರ?" ಎಂದಳು ಸಿಂಧು.

ನಾನು ಭಾಷಣ ಶುರುಮಾಡಿದೆ. ವನಜಾ ತಡೆದಳು. "ರೀ, ನೀವು ಸುಮ್ನಿರಿ. ನಿಮಗೇನ್ ಗೊತ್ತು? ನೀವು ನೋಡೇ ಇಲ್ವಲ್ಲ."

ಮೇಜಿನ ಮೇಲಿದ್ದ ನೀರಿನ ಲೋಟ ಎತ್ತಿಕೊಂಡಳು. ಕೂತಲ್ಲೇ ಮಡಿಲ ಕಡೆ ಬಾಗಿ, ಅಲ್ಲಿಲ್ಲದ ತುಟಿಗಳಿಗೆ ಹಿಡಿದಳು. ಕಾದಳು. ಅವನು ಕುಡಿಯಲಿಲ್ಲ. ಹಟಮಾರಿ ಕೂಸನ್ನು ರಮಿಸುವಂತೆ ಮೆಲ್ಲಗೆ ನಕ್ಕು, ಲೋಟವನ್ನು ಇನ್ನಷ್ಟು ಓರೆ ಮಾಡಿದಳು. ನೀರು ರೇಷ್ಮೆ ಸೀರೆಯ ಮೇಲೆ ಚೆಲ್ಲಿತು. ಜನ ಅಳುತ್ತಿದ್ದದ್ದು ಆ ನಗುವಿಗೆ ಎಂದು ನನಗೆ ಈಗ ತಿಳಿಯಿತು. ಆಗ ಆ ಪಾತ್ರಕ್ಕೆ ಅವಳ ವಯಸ್ಸು ಸಾಲದೆಂದು ಕೂದಲಿಗೆ ಪೌಡರ್ ಹಚ್ಚುತ್ತಿದ್ದೆವು. ಈಗ ವಯಸ್ಸಿದೆ, ನಾಟಕವಿಲ್ಲ.

ಸಿಂಧು ಕರ್ಚೀಫು ತೆಗೆದು ಸೀರೆಯ ಮೇಲಿನ ನೀರು ಒತ್ತಿದಳು. "ಇದನ್ನ ಯಾಕ್ ತೆಗೆದ್ಬಿಟ್ರು ದೊಡ್ಡಮ್ಮ?"

"ಜನ ಅಳ್ತಾ ಮನೆಗೆ ಹೋಗ್ಬಾರ್ದು ಅಂತೇನೋ," ಎಂದು ವನಜಾ ಲೋಟ ಕೆಳಗಿಟ್ಟಳು.

"ನಾನೀಗ ಹಂಗೇ ತಾನೆ ಹೋಗೋದು," ಎಂದು ಸಿಂಧು ಮೂಗು ಒರೆಸಿಕೊಂಡಳು.

ಕಾಫಿ ತಂದವರು ನಮ್ಮನ್ನು ನೋಡಿ, ಮನೆಯಲ್ಲಿ ಯಾರೋ ತೀರಿಕೊಂಡಿದ್ದಾರೆಂದು ತಿಳಿದಿರಬೇಕು. ಸಕ್ಕರೆ ಬೇಕೇ ಎಂದು ಬಹಳ ಮೆಲುದನಿಯಲ್ಲಿ ಕೇಳಿದರು.