ಹಳಿಯ ಮೇಲೆ ನನ್ನ ಕಾದಂಬರಿ

ಬೆಳಿಗ್ಗೆ ಎಂಟು ಇಪ್ಪತ್ತಕ್ಕೆ ಕೋಲ್ಕತ್ತದ ಜಾದವ್‌ಪುರ ಸ್ಟೇಷನ್ನಿನಲ್ಲಿ ನನ್ನ ಕಾದಂಬರಿಯ ಹಾಳೆಗಳು ಗಾಳಿಗೆ ಹಳಿಯ ಮೇಲೆ ಹಾರಿಬಿದ್ದವು. ಅವನ್ನು ತಿದ್ದುತ್ತ ಕೂತಿದ್ದ ನನ್ನ ಗುರು, ಎಪ್ಪತ್ತೆರಡು ದಾಟಿದ ಧಾರವಾಡದ ಮೇಷ್ಟ್ರು, ಹಿಂದೆಯೇ ಕೆಳಗಿಳಿದರು.

“ಸರ್, ಟ್ರೇನ್ ಬರ್ತಿದೆ, ಬಿಟ್ಬಿಡಿ!” ಎಂದು ಕಿರುಚಿದೆ.

“ಇರೋದು ಒಂದ ಪ್ರತಿ ಅಲ್ಲೇನಲೇ, ಹುಚ್ಚಾ!”

ಯಾರೋ ಇಬ್ಬರು ಅವರನ್ನು ರಟ್ಟೆ ಹಿಡಿದು ಮೇಲೆಳೆದ ಮರುಕ್ಷಣ ಲೋಕಲ್ ಟ್ರೇನ್ ನುಗ್ಗಿತು.

ಕೈಯಲ್ಲೇ ಬರೆಯಬೇಕೆಂಬುದು ಅವರ ಹಠ. ನಾನೋ ಎಲ್ಲವನ್ನೂ ಮೊಬೈಲಿನಲ್ಲಿ ಬರೆದು, ಅವರಿಗೆ ತೋರಿಸಲೆಂದೇ ಹಾಳೆಗೆ ನಕಲು ಮಾಡುತ್ತಿದ್ದೆ. ಆ ಬೆಳಗಿನ ನಂತರ ಕಣ್ಣು ಮುಚ್ಚಿದರೆ ಹಳಿಯ ಮೇಲೆ ಬಗ್ಗಿದ ಅವರ ಬೆನ್ನೇ ಕಾಣುತ್ತಿತ್ತು.

ಕಳೆದ ಭಾನುವಾರ ನಿಜ ಹೇಳಿದೆ. ಅವರು ಕನ್ನಡಕ ತೆಗೆದಿಟ್ಟು, “ಇನ್ನ ಮ್ಯಾಲೆ ಬರಬ್ಯಾಡ” ಎಂದರು. ಅಂದು ರಾತ್ರಿ, ಮೊದಲ ಸಲ, ನನಗೆ ಬೆಳಗಿನವರೆಗೂ ನಿದ್ದೆ ಬಂತು.