ಕಾಮೋಠೆಯ ಲಂಕಾ ಆಂಟಿ

ಕಾಮೋಠೆಯ ರುಕ್ಮಿಣಿಯಮ್ಮನಿಗೆ ಶ್ರೀಲಂಕಾ ಬಾಯಿಪಾಠ. ಒಬ್ಬರೇ ತಿರುಗಾಡುವವರಿಗೆಂದು ಬರೆದ ಪ್ರವಾಸದ ಕೈಪಿಡಿಗಳು ಅವರ ಅಡುಗೆಮನೆಯಲ್ಲಿ ಸಾಸಿವೆ ಡಬ್ಬಿಗೆ ಒರಗಿ ನಿಂತಿರುತ್ತವೆ. ಸೊಸೈಟಿಯ ಲಿಫ್ಟಿನಲ್ಲಿ ಯಾರು ಸಿಕ್ಕರೂ, "ಕ್ಯಾಂಡಿ ಟ್ರೇನಲ್ಲಿ ಬಲಗಡೆ ವಿಂಡೋ ಹಿಡೀರಿ" ಎನ್ನುತ್ತಾರೆ. ಹತ್ತಿರದ ಗಿರಿಧಾಮ ಲೋನಾವಳಕ್ಕೆ ಹೊರಟವರಿಗೂ ಅದೇ ಉಪದೇಶ. ಇಷ್ಟಾಗಿಯೂ ಗಂಡ ಜೊತೆಗಿಲ್ಲದೆ ಅವರು ಪಕ್ಕದ ವಾಶಿ ಮಾರ್ಕೆಟ್ಟಿಗೂ ಹೋದವರಲ್ಲ. ದಾರಿ ತಪ್ಪಿದರೆ ಏನು ಗತಿ ಎಂಬ ಭಯ ಮೈಸೂರಿನಿಂದ ಮದುವೆಯಾಗಿ ಬಂದಾಗಿನಿಂದಲೂ ಎದೆಯಲ್ಲಿ ಕೂತಿತ್ತು. ಈ ವರ್ಷ, ಅರವತ್ತು ತುಂಬಿದ ಮೇಲೆ, ಹಟ ಹಿಡಿದು ಒಬ್ಬರೇ ಕೊಲಂಬೊ ವಿಮಾನ ಹತ್ತಿದರು. ಅಲ್ಲಿಂದ ಗಂಡನಿಗೆ ಫೋನ್ ಮಾಡಿ, "ರೀ, ತಪ್ಪು ಬಸ್ ಹತ್ತಿಬಿಟ್ಟೆ. ಇದು ಯಾವ ಊರೋ, ಪುಸ್ತಕದಲ್ಲೇ ಇಲ್ಲ" ಎಂದರು. ಗಂಡ ಗಾಬರಿಯಾಗುವ ಮೊದಲೇ ರುಕ್ಮಿಣಿಯಮ್ಮನಿಗೆ ನಗು ಉಕ್ಕಿತು. "ಏನೂ ಆಗಲಿಲ್ಲ ಕಣ್ರೀ! ಎಳನೀರು ಕುಡೀತಾ ಕೂತಿದೀನಿ."