ಅರವತ್ತೊಂದನೆಯ ಗೆರೆ

ಮಜೀದಸಾಬನ ಅಂಗಳದಲ್ಲಿ ನಾನು ಬಿದ್ದದ್ದು ಅಂಗಾತ. ಕಾಲು ತೊಳೆಯಲೆಂದು ಬಟ್ಟೆ ಒಗೆಯುವ ಫರಸಿಕಲ್ಲಿನ ಮೇಲೆ ನಿಂತಿದ್ದೆ. ಮರುಗಳಿಗೆಯಲ್ಲಿ ಕಲ್ಲಿನ ಮೇಲೆ ನಾನು, ನನ್ನ ಮೇಲೆ ತಂಬಿಗೆ. ಧೋತರ ಎಲ್ಲಿತ್ತು ಎಂಬುದನ್ನು ಶಹಾಬಾದಿನ ಶಾಲೆಯ ಮಾಸ್ತರನಾದ ನಾನು ಬರೆಯಲಾರೆ. ಪಕ್ಕದ ಮನೆಯ ಅಮೀರ್ಬೀ ಗೋಡೆಯಾಚೆಯಿಂದ ಇಣುಕಿ, "ಮಾಸ್ತರ್ರು ಗೋಲ್ ಹೊಡದ್ರೇನ್ರಿ?" ಎಂದಳು.

ಮಜೀದಸಾಬ ನಗಲಿಲ್ಲ. "ನೀರು ಬಿದ್ರ ಭಾಳ ಜಾರ್ತದ್ರಿ. ಒರಟು ಮಗ್ಗಲ ಕೆಳಗದ," ಎಂದು ಕೈಕೊಟ್ಟು ಎಬ್ಬಿಸಿದ.

ನಾನು ಹೋದದ್ದು ಅವನಿಗೊಂದು ಅರ್ಜಿ ಬರೆದುಕೊಡಲು. ಕಲ್ಲುಗಣಿಯಲ್ಲಿ ಫರಸಿ ಚಪ್ಪಡಿ ಕಡಿಯುವ ಈ ಮನುಷ್ಯ 1948ರಿಂದ ಎಂಟು ವರ್ಷ ಹೈದರಾಬಾದ್ ರಾಜ್ಯದ ಫುಟ್‌ಬಾಲ್ ತಂಡದಲ್ಲಿ ಎಲ್ಲರಿಗಿಂತ ಮುಂದೆ ನಿಂತು ಆಡಿದವನು. ಹೊಡೆದದ್ದು ಅರವತ್ತೊಂದು ಗೋಲು. ಹಿಂದಿನ ದಾಖಲೆಯವನು ಅರವತ್ತಕ್ಕೇ ನಿಂತಿದ್ದ. ಆದರೆ ಇವನ ಒಂದು ಗೋಲನ್ನೂ ಶಹಾಬಾದಿನಲ್ಲಿ ಯಾರೂ ನೋಡಿದ್ದಿಲ್ಲ. ನಾನೂ ನೋಡಿಲ್ಲ, ಚೆಂಡು ಗುಂಡಗಿರುತ್ತದೆ ಎಂಬಲ್ಲಿಗೆ ಆ ಆಟದ ಕುರಿತು ನನ್ನ ವಿದ್ಯೆ ಮುಗಿಯುತ್ತದೆ. ಪಂದ್ಯ ಮುಗಿಸಿ ಇವನು ಒಬ್ಬನೇ ಬಂದು, ವಾಡಿ ಜಂಕ್ಷನ್ನಿನಲ್ಲಿ ಗಾಡಿ ಬದಲಿಸಲು ಗಂಟೆಗಟ್ಟಲೆ ಕೂತು, ಮರುದಿನ ಗಣಿಗೆ ಹೋಗುತ್ತಿದ್ದ. ರಜೆ ಯಾಕೆ ಹಾಕಿದ್ದಿ ಎಂಬುದನ್ನು ಬಿಟ್ಟು ಅಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ.

ಕೇಳುತ್ತಿದ್ದವಳು ತಾಯಿ ಮಾಶಾಬಿ ಒಬ್ಬಳೇ. ಅವಳಿಗೆ ಓದು ಬಾರದು. ಗಣಿಯಲ್ಲಿ ಕಡಿದ ಫರಸಿಗೆ ಗೆರೆ ಹಾಕಿ ಲೆಕ್ಕ ಇಡುವ ಹಾಗೆ, ಮಗ ಗೋಲಿಗೊಂದು ಗೆರೆಯನ್ನು ಅಂಗಳದ ಇದೇ ಒಗೆಯುವ ಕಲ್ಲಿನ ಮೇಲೆ ಕೆತ್ತುತ್ತಿದ್ದ. ಅವಳು ಬೆರಳಾಡಿಸಿ ಎಣಿಸುತ್ತಿದ್ದಳು. ಗೆರೆ ಹೆಚ್ಚಿದಾಗ, "ನಿನ್ನ ಗೋಲಿಗೆ ನನ್ನ ಸೀರಿ ಹರಿಯಾಕತ್ತಾವ," ಎಂದು ಬೈದು ಕಲ್ಲನ್ನು ಮಗುಚಿ ಹಾಕಿಸಿದಳು. ಅಲ್ಲಿಂದ ಮುಂದೆ ಪ್ರತಿ ಗೋಲಿಗೂ ತಾಯಿ ಒಂದು ತುದಿ, ಮಗ ಒಂದು ತುದಿ ಹಿಡಿದು ಕಲ್ಲು ಮಗುಚುವುದು, ಕೆತ್ತುವುದು, ಎಣಿಸುವುದು, ಮತ್ತೆ ಮಗುಚುವುದು.

ಮೊನ್ನೆ ನವೆಂಬರ್ ಒಂದಕ್ಕೆ ಹೈದರಾಬಾದ್ ರಾಜ್ಯವೇ ಇಲ್ಲವಾಯಿತು. ನಾವು ಮೈಸೂರಿಗೆ ಸೇರಿದೆವು. ಹೊಸ ರಾಜ್ಯದ ತಂಡದಲ್ಲೂ ಆಡಬೇಕು, ಇದೊಂದೇ ಮಜೀದಸಾಬನ ಆಸೆ. ವಯಸ್ಸು ಮೂವತ್ತಾರು. ನಾನು ಬರೆದ ಮೊದಲ ಅರ್ಜಿಗೆ ಉತ್ತರ ಬಂದಿತ್ತು: ವಯಸ್ಸು ಮೀರಿದೆ; ಹೈದರಾಬಾದಿನ ದಾಖಲೆ ಇವರೊಬ್ಬರದೇ ಎಂಬುದಕ್ಕೆ ಪುರಾವೆ ಕಳಿಸಿದರೆ ನೋಡಬಹುದು. ಹಳೆಯ ತಂಡದ ಕಾಗದಪತ್ರಗಳು ಯಾವ ಪೆಟ್ಟಿಗೆಯೊಳಗೆ ಯಾವ ರಾಜ್ಯಕ್ಕೆ ಹೋಗಿದ್ದವೋ ಯಾರಿಗೂ ತಿಳಿಯದು.

"ಕಲ್ಲಿನ ಫೋಟೋ ತೆಗಿಸಿ ಕಳಸೋಣು," ಎಂದೆ. "ಅದಕ್ಕಿಂತ ಪಕ್ಕಾ ಪುರಾವೆ ಯಾವ ಕಚೇರ್ಯಾಗ ಸಿಗ್ತದ?"

"ಒಬ್ಬನ ಕೈಲೆ ಏಳಂಗಿಲ್ರಿ."

ನಾನು ಒಂದು ತುದಿ ಹಿಡಿದೆ. ಈಗಷ್ಟೇ ಬಿದ್ದಿದ್ದ ಸೊಂಟ ತಕರಾರು ತೆಗೆಯಿತು. ಅಂತೂ ಕಲ್ಲು ಮಗುಚಿತು. ಮಾಸ್ತರನಲ್ಲವೇ, ಎರಡು ಸಲ ಎಣಿಸಿದೆ. ಎರಡು ಸಲವೂ ಅರವತ್ತು.

"ಒಂದು ಕಮ್ಮಿ ಅದಲ್ಲೋ ಮಜೀದಸಾಬ!"

"ಕಡೀ ಗೋಲ್ ಹೊಡದು ಬಂದಾಗ ಅಮ್ಮಾ ಹೋಗಿ ಎರಡು ದಿನ ಆಗಿತ್ರಿ. ಆ ತುದಿ ಹಿಡಿಯಾಕ ಯಾರೂ ಇರ್ಲಿಲ್ಲ."

ಏನು ಹೇಳಬೇಕೆಂದು ತಿಳಿಯದಾಗ ಮಾಸ್ತರರು ಉಪದೇಶ ಮಾಡುತ್ತಾರೆ; ನಾನೂ ಮಾಡಿದೆ. "ಈಗ ನಾ ಹಿಡದೀನಲ್ಲ, ಗೆರಿ ಹಾಕು. ಸುಳ್ಳೇನಲ್ಲ, ನೀ ಹೊಡದ ಗೋಲೇ. ಅರವತ್ತಂದ್ರ ದಾಖಲೆ ನಿನ್ನೊಬ್ಬಂದಾಗಂಗಿಲ್ಲ, ಅವರು ನಿನ್ನ ತಗೊಳಂಗಿಲ್ಲ."

ಒಳಗಿನಿಂದ ಉಳಿ ತಂದ. ಅರವತ್ತನೆಯ ಗೆರೆಯ ಪಕ್ಕದ ಖಾಲಿ ಜಾಗದ ಮೇಲೆ ಬಹಳ ಹೊತ್ತು ಬೆರಳಾಡಿಸಿದ. ಆಮೇಲೆ ಎದ್ದುಹೋಗಿ ಉಳಿಯನ್ನು ಗೋಡೆಯ ಗೂಡಿನಲ್ಲಿಟ್ಟು ಬಂದ.

"ಹಂಗಾದ್ರ ಅರ್ಜ್ಯಾಗ ಎಷ್ಟು ಬರೀಲಿ?" ಎಂದೆ.

"ಅಮ್ಮಾ ಎಣಿಸಿದ್ದು ಅರವತ್ತು," ಎಂದ ಮಜೀದಸಾಬ. "ಆ ತುದಿ ಹಿಡೀರಿ, ಬಟ್ಟಿ ಒಗಿಯೋದದ."